ತುಳಿಯದ ದಾರಿ

ಒಂದಿಡೀ ಹಗಲು ಯಾರೂ ಸೈಕಲ್ ತುಳಿಯದ ದಾರಿ ಸೂರ್ಯ ಮುಳುಗುವಾಗ ಅಳಿಸಿಹೋಗುತ್ತಿದ್ದ ಕಾಲ. ಗದ್ದೆಯ ದಾರಿ ಗದ್ದೆಯಾಗುತ್ತಿತ್ತು, ಕಡಲ ದಾರಿ ಮರಳಾಗುತ್ತಿತ್ತು. ಅದರಾಚೆಯ ಊರು ಮತ್ತೆಂದೂ ಸಿಗುತ್ತಿರಲಿಲ್ಲ.

ಊರಿಗೆ ಉಳಿದದ್ದು ಎರಡೇ ದಾರಿ, ಇಬ್ಬರೇ ಸವಾರರು. ಆಸ್ಪತ್ರೆಗೆ ಹೋಗುವ ಗದ್ದೆಯ ದಾರಿಯನ್ನು ವಾಸು ಖಾರ್ವಿ ತುಳಿಯುತ್ತಿದ್ದ, ಹೊಯ್ಗೆಕೇರಿಗೆ ಹೋಗುವ ಕಡಲ ದಾರಿಯನ್ನು ಲೋಲಾಕ್ಷಿ. ವಾಸುವಿನ ಮಂಡಿ ಸೋತಿತ್ತು. ಇವತ್ತೇ ಕೊನೆ, ನಾಳೆಯಿಂದ ಆಗದು ಎಂದುಬಿಟ್ಟಿದ್ದ. ಲೋಲಾಕ್ಷಿ ಒಬ್ಬಳೇ ಎರಡನ್ನೂ ಒಂದು ಹಗಲಲ್ಲಿ ಮುಗಿಸುವಂತಿರಲಿಲ್ಲ.

ಹೊಯ್ಗೆಕೇರಿಯ ಉಳಿದವರೆಲ್ಲ ಆಗಲೇ ಗಂಟುಮೂಟೆ ಕಟ್ಟಿ ಊರಿಗೆ ಬಂದಾಗಿತ್ತು. ಲೋಲಾಕ್ಷಿಯ ಅಕ್ಕ ಭವಾನಿ ಮಾತ್ರ ಅಲ್ಲೇ ತನ್ನ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಳು.

"ಅಕ್ಕ, ಹಿಂದೆ ಕೂತ್ಕೋ. ನಾಳೆಯಿಂದ ನಾ ಬಪ್ಪುದಿಲ್ಲ," ಎಂದಳು ಲೋಲಾಕ್ಷಿ, ಅಂಗಳದಲ್ಲಿ ಸೈಕಲ್ ನಿಲ್ಲಿಸಿ.

"ನಿನ್ ಭಾವ ದೋಣಿ ಹಿಡ್ಕಂಡ್ ಹೋದವ್ರು ಇನ್ನೂ ಬರ್ಲಿಲ್ಲ. ಬಂದ್ರೆ ಖಾಲಿ ಮನೆ ಕಾಂಬುದಾ?"

"ಎರಡು ವರ್ಷ ಆಯ್ತಲ್ಲ ಅಕ್ಕ..."

"ಆಯ್ಲಿ. ನೀನ್ ಗದ್ದೆ ದಾರಿನೇ ತುಳಿ ಮಾರಾಯ್ತಿ. ಆಸ್ಪತ್ರೆ ಇಲ್ದಿದ್ರೆ ಬಸ್ರಿ ಹೆಂಗ್ಸ್ರು ಎಲ್ಲಿಗೆ ಹೋಪುದು?"

ಲೋಲಾಕ್ಷಿ ಕೈಹಿಡಿದು ಎಳೆದಳು, ಬೈದಳು, ಅತ್ತಳು. ಭವಾನಿ ಅವಳ ಕಣ್ಣೊರೆಸಿ, ಕತ್ತಲಾಗುವ ಮೊದಲು ಹೊರಡು ಎಂದಳು.

ಮರುದಿನ ಲೋಲಾಕ್ಷಿ ಆಸ್ಪತ್ರೆಯ ದಾರಿ ತುಳಿದಳು. ಮರಳಿ ಕವಲಿಗೆ ಬರುವಾಗ ಸೂರ್ಯ ಮುಳುಗಿದ್ದ. ಕಡಲ ದಾರಿಯಿದ್ದಲ್ಲಿ ಮುಂಡುಗದ ಪೊದೆ ಒತ್ತಾಗಿ ನಿಂತಿತ್ತು. ಅವಳು ಸೈಕಲ್ಲನ್ನು ಅತ್ತ ನೂಕಿ ನೋಡಿದಳು. ಚಕ್ರ ಮರಳಿನಲ್ಲಿ ಹೂತಿತು. ಅದನ್ನು ಎಳೆದುಕೊಂಡು ಮನೆಗೆ ನಡೆದಳು. ಬೆಳಿಗ್ಗೆ ಬೇಗ ಏಳಬೇಕಿತ್ತು.