ಊಟದ ನಂತರದ ಅಂಕಿ

ಹೊಲಿಗೆ ಯಂತ್ರದ ಖಾನೆಯಲ್ಲಿ ದಾರದ ಉಂಡೆಗಳಿದ್ದವು, ಗುಂಡಿಗಳಿದ್ದವು, ಸೀಮೆಸುಣ್ಣದ ತುಂಡಿತ್ತು. ಮಿಠಾಯಿ ಇರಲಿಲ್ಲ. ಮಗಳು ಖಾನೆಯನ್ನೇ ಹೊರಗೆಳೆದು ನೆಲದ ಮೇಲೆ ಕವುಚಿದಳು. ಆಗಲೂ ಇಲ್ಲ.

“ಏನೇ ಹುಡುಕ್ತಿದ್ದೀಯ?” ತಾಯಿ ಬಾಗಿಲಲ್ಲಿ ನಿಂತಿದ್ದಳು.

“ನೀನು ಬಚ್ಚಿಟ್ಟಿರೋದನ್ನ.”

ತಾಯಿ ಹಿಂದೆ ನಿಂತಿದ್ದ ಗಂಡನತ್ತ ಒಮ್ಮೆ ನೋಡಿ, ಉರುಳಿ ಹೋಗಿದ್ದ ಉಂಡೆಯನ್ನು ಬಗ್ಗಿ ಎತ್ತಿಕೊಂಡಳು. ಮಗಳು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವಳು. ಟಿಕೆಟ್ ಇಲ್ಲದವರು ಹೇಗೆ ಕಣ್ಣು ತಪ್ಪಿಸುತ್ತಾರೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೆತ್ತ ತಾಯಿಯೇ ಹೀಗೆ ಕಣ್ಣು ತಪ್ಪಿಸಿದ್ದು ಅವಳಿಗೆ ಸಹಿಸಲಾಗಲಿಲ್ಲ.

ತಾಯಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮಗಳೇ ಅವಳ ಬೆರಳು ಚುಚ್ಚಿ ನೋಡುತ್ತಿದ್ದಳು. ಆ ಅಂಕಿಯ ಬಗ್ಗೆ ತಕರಾರಿರಲಿಲ್ಲ. ಈಚೀಚೆಗೆ ಅದು ಬೇಕಾದ್ದಕ್ಕಿಂತ ತುಸು ಕಡಿಮೆಯೇ ಇರುತ್ತಿತ್ತು. ಮಧ್ಯಾಹ್ನ ಊಟವಾಗಿ ಎರಡು ಗಂಟೆ ಕಳೆದ ಮೇಲೆ ನೋಡುವುದು ತಂದೆಯ ಪಾಲಿನ ಕೆಲಸ. ನೋಡಿ ಫೋನು ಮಾಡುತ್ತಿದ್ದ. ಇನ್ನೂರ ಅರವತ್ತು. ಇನ್ನೂರ ತೊಂಬತ್ತು. ರೈಲಿನ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಕೇಳುವಾಗ ಅವಳಿಗೆ ದೊಡ್ಡಮ್ಮ ನೆನಪಾಗುತ್ತಿದ್ದಳು. ದೊಡ್ಡಮ್ಮ ಇದೇ ಕಾಯಿಲೆಯಲ್ಲಿ ಮೊದಲು ಕಣ್ಣು ಕಳೆದುಕೊಂಡು, ಆಮೇಲೆ ಕಾಲು ಕಳೆದುಕೊಂಡು ತೀರಿಹೋಗಿದ್ದಳು.

ಡಾಕ್ಟರು ಮಾತ್ರೆ ಹೆಚ್ಚಿಸಿದರು. ಅಂಕಿ ಜಪ್ಪಯ್ಯ ಅನ್ನಲಿಲ್ಲ. ಮತ್ತೆ ಹೆಚ್ಚಿಸಿ, “ಊಟ ಆದ್ಮೇಲೆ ಮಾತ್ರ ಹೀಗೆ ಏರುತ್ತೆ ಅಂದ್ರೆ ಮನೆಯಲ್ಲೇ ಏನೋ ನಡೀತಿದೆ. ಸ್ವಲ್ಪ ಕಣ್ಣಿಟ್ಟು ನೋಡಿ,” ಎಂದರು. ಅವತ್ತೇ ಮಗಳು ಅಡುಗೆಮನೆಯ ಸಕ್ಕರೆ, ಬೆಲ್ಲ, ಬಿಸ್ಕತ್ತು ಎಲ್ಲವನ್ನೂ ಗುಡಿಸಿ ಹೊರಗೆ ಹಾಕಿದಳು.

ತಂದೆಯ ಮೇಲೆ ಅನುಮಾನಪಡುವಂತಿರಲಿಲ್ಲ. ಊರಿನ ಬೀಗಗಳನ್ನೆಲ್ಲ ರಿಪೇರಿ ಮಾಡಿದ ಆಳು, ಜೀವಮಾನದಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿದವನಲ್ಲ. ಹೆಂಡತಿಗೆ ಕಾಯಿಲೆ ಎಂದ ದಿನವೇ ತಾನೂ ಸಿಹಿ ಬಿಟ್ಟಿದ್ದ. ಅವಳು ಉಂಡಷ್ಟೇ ಉಣ್ಣುತ್ತಿದ್ದ. ಅವಳ ಚಿಂತೆಯಲ್ಲಿ ಸೊರಗಿಯೂ ಹೋಗಿದ್ದ. ಪ್ಯಾಂಟಿನ ಸೊಂಟವನ್ನು ಅವಳೇ ಎರಡು ಸಲ ಒಳಗೆ ಹಿಡಿದು ಹೊಲಿದುಕೊಟ್ಟಿದ್ದಳು. ಇಂಥ ಗಂಡ ಎಲ್ಲಿ ಸಿಗುತ್ತಾನೆ ಎಂದು ನೆಂಟರು ಬಾಯ್ತುಂಬ ಹೊಗಳುತ್ತಿದ್ದರು.

ಇವತ್ತು ಮಗಳು ರಜೆ ಹಾಕಿದ್ದಳು. ಖಾನೆಯಲ್ಲೂ ಏನೂ ಸಿಗದಿದ್ದಾಗ ಊಟಕ್ಕೆ ತಾಯಿಯ ಎದುರೇ ಕುಳಿತಳು. ಚಿಕ್ಕ ಬಟ್ಟಲಿನಷ್ಟು ಅನ್ನ, ಬೇಯಿಸಿದ ತರಕಾರಿ, ಬೇಳೆ. ಒಂದು ಅಗುಳು ಹೆಚ್ಚಿಲ್ಲ. ತಂದೆಯ ತಟ್ಟೆಯಲ್ಲೂ ಅಷ್ಟೇ. ಅವನು ಉಂಡದ್ದಕ್ಕಿಂತ ನೀರು ಕುಡಿದದ್ದೇ ಹೆಚ್ಚು.

“ಹೆದರಿಕೆಗೆ ಬಾಯಿ ಒಣಗುತ್ತೆ ಕಣಮ್ಮಾ,” ಎಂದ.

ಆಮೇಲೆ ಮಗಳು ತಾಯಿಯನ್ನು ನೆರಳಿನ ಹಾಗೆ ಹಿಂಬಾಲಿಸಿದಳು. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಕಾದಳು. ತಾಯಿ ಹೊಲಿಗೆಗೆ ಕೂತು ರವಿಕೆಗೆ ಒಂದು ತೋಳು ಜೋಡಿಸಿದಳು, ಬಿಚ್ಚಿದಳು, ಮತ್ತೆ ಜೋಡಿಸಿದಳು. ಸೂಜಿಗೆ ದಾರ ಪೋಣಿಸಲು ಕೈ ನಡುಗುತ್ತಿತ್ತು. ಕಳ್ಳತನ ಬಯಲಾಗುವ ಭಯ ಎಂದುಕೊಂಡಳು ಮಗಳು.

ಸಕ್ಕರೆ ನೋಡುವ ಹೊತ್ತಾಯಿತು. ಅವಳು ಎದ್ದಳು. “ಇವತ್ತು ನಾನೇ ನೋಡ್ತೀನಿ.”

“ಬೇಡ,” ತಾಯಿ ತಟ್ಟನೆ ಅಂದಳು. “ನಿಮ್ಮಪ್ಪನೇ ನೋಡ್ಲಿ. ಅವರು ಚುಚ್ಚಿದ್ರೆ ನಂಗೆ ನೋವೇ ಆಗಲ್ಲ.”

ಗಂಡ ಹೆಂಡತಿ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ತಂದೆ ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಸಕ್ಕರೆ ನೋಡುವ ಯಂತ್ರವನ್ನು ಅವಳ ಮುಂದೆ ಹಿಡಿದ. ಮುನ್ನೂರ ಹತ್ತು.

“ಡಾಕ್ಟರಿಗೆ ಫೋನ್ ಮಾಡು. ಇನ್ನೂ ಜೋರಾದ ಮಾತ್ರೆ ಕೊಡಕ್ಕೆ ಹೇಳು. ಅಲ್ಲೀವರೆಗೆ ಇನ್ನೊಂದು ನುಂಗಿಸ್ಲಾ?”

“ಸಾಧ್ಯಾನೇ ಇಲ್ಲ. ನಾನು ಕಣ್ಣು ಮಿಟುಕಿಸಿಲ್ಲ ಅಪ್ಪಾ.”

ಒಳಗೆ ಏನೋ ಧೊಪ್ಪನೆ ಬಿತ್ತು.

ತಾಯಿ ಮಂಚದ ಪಕ್ಕದಲ್ಲಿ ಕುಸಿದಿದ್ದಳು. ಹಣೆಯ ಮೇಲೆ ತಣ್ಣನೆಯ ಬೆವರು. ಏನೋ ಹೇಳಲು ಹೋದಳು, ನಾಲಗೆ ಹೊರಳಲಿಲ್ಲ. ಮಗಳು ತಂದೆಯ ಕೈಯಿಂದ ಯಂತ್ರ ಕಿತ್ತುಕೊಂಡು, ಹೊಸ ಪಟ್ಟಿ ಸಿಕ್ಕಿಸಿ, ತಾಯಿಯ ಬೆರಳು ಚುಚ್ಚಿದಳು.

ನಲವತ್ತೆಂಟು.

ಸಕ್ಕರೆ ಬೇಕಿತ್ತು, ಈ ಕ್ಷಣವೇ ಬೇಕಿತ್ತು. ಮನೆಯಲ್ಲಿ ಒಂದು ಹರಳೂ ಇರಲಿಲ್ಲ. ಅವಳು ಬರಿಗಾಲಲ್ಲೇ ಪಕ್ಕದ ಮನೆಗೆ ಓಡಿದಳು. ಬಾಗಿಲು ಬಡಿದು, ಮಾತಿಗೂ ನಿಲ್ಲದೆ ಡಬ್ಬಿಯನ್ನೇ ಎತ್ತಿಕೊಂಡು ಬಂದಳು. ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸಿದಳು. ನುಂಗು ಅಮ್ಮಾ, ನುಂಗು ಎಂದು ಅಳುತ್ತಾ ಕುಡಿಸಿದಳು. ನಿಧಾನವಾಗಿ ತಾಯಿಯ ಕಣ್ಣಿಗೆ ಬೆಳಕು ಬಂತು. ಫೋನಿನಲ್ಲಿ ಡಾಕ್ಟರು, ಮಾತ್ರೆ ನಿಲ್ಲಿಸಿ, ತಕ್ಷಣ ಕರೆದುಕೊಂಡು ಬನ್ನಿ ಎಂದರು.

ಆಟೋಗೆ ಕಾಯುತ್ತಾ ಮಗಳು ತಂದೆಯ ಕಡೆ ತಿರುಗಿದಳು.

“ಈಗ ತಾನೇ ಮುನ್ನೂರ ಹತ್ತು ಇತ್ತು. ಒಂದೇ ಯಂತ್ರ, ಒಂದೇ ಬೆರಳು. ಅಷ್ಟು ಹೊತ್ತಲ್ಲಿ ನಲವತ್ತೆಂಟಕ್ಕೆ ಹೇಗೆ ಇಳೀತು?”

ತಂದೆ ಎಡಗೈಯನ್ನು ಬೆನ್ನ ಹಿಂದೆ ಸರಿಸಿದ.

“ಅವರನ್ನ ಬೈಬೇಡ್ವೇ,” ತಾಯಿಯ ಧ್ವನಿ ಇನ್ನೂ ಕ್ಷೀಣವಾಗಿತ್ತು. “ಬೆಳಿಗ್ಗೆ ನೀನು ಚುಚ್ಚಿದ್ರೇನೇ ಇಡೀ ದಿನ ಸೂಜಿ ಹಿಡಿಯಕ್ಕಾಗಲ್ಲ. ನನ್ನ ಸಂಕಟ ನೋಡಲಾರದೆ ಅವರು... ನಿಂಗೆ ಗೊತ್ತಾದ್ರೆ ಅವರನ್ನ ಬೈತೀಯ ಅಂತ ನಾನೂ ಸುಮ್ನಿದ್ದೆ.”

ತಂದೆ ಕೈ ಮುಂದೆ ಚಾಚಿದ. ಐದು ಬೆರಳ ತುದಿಯಲ್ಲೂ ಕಪ್ಪು ಚುಕ್ಕೆಗಳು.

“ಇಬ್ಬರೂ ಉಣ್ಣೋದು ಒಂದೇ ಊಟ ತಾನೇ, ಯಾರ ಬೆರಳಾದ್ರೇನು ಅಂದ್ಕೊಂಡೆ,” ಎಂದ. “ನಂಗೆ ಭಯ ಆಗದೆ ಇರುತ್ತಾ ಹೇಳು. ಯಾವ ಕಾಯಿಲೇನೂ ಇಲ್ಲದ ನನಗೇ ಮುನ್ನೂರ ಹತ್ತು ಬಂದ್ರೆ, ಪಾಪ, ಅವಳಿಗೆ ಎಷ್ಟಿರಬೇಡ?”