ಮನೆಮನೆ ಸಮೀಕ್ಷೆ

ವಾರಿಜ ಸೀರೆ ಉಟ್ಟು ಸಿದ್ಧಳಾಗಿ, ಹೊಟ್ಟೆ ಹಿಡಿದುಕೊಂಡು ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಮುಟ್ಟಿನ ನೋವು ಪ್ರತಿ ತಿಂಗಳೂ ಅವಳನ್ನು ಹಾಸಿಗೆ ಹಿಡಿಸುತ್ತಿತ್ತು. ಇವತ್ತಾದರೂ ಡಾಕ್ಟರ ಹತ್ತಿರ ಹೋಗುವುದೆಂದು ಮಾತಾಗಿತ್ತು. ಗಂಡ ಮಾತ್ರ ಪೇಪರಿನಿಂದ ತಲೆ ಎತ್ತಲಿಲ್ಲ.

“ಡಾಕ್ಟರು ಯಾಕೆ? ಕೇಳಿಲ್ಲಿ. ನಮ್ಮೂರಿನ ನೂರು ಹೆಂಗಸರಲ್ಲಿ ತೊಂಬತ್ತು ಮಂದಿಗೆ ಮುಟ್ಟಿನ ನೋವೇ ಇಲ್ಲವಂತೆ. ನಿನ್ನೊಬ್ಬಳದೇ ಏನು ವಿಶೇಷ?”

“ಯಾರು ಹೇಳಿದ್ದು ರೀ ಹಾಗಂತ?”

“ಸಮೀಕ್ಷೆ ಮಾಡಿದಾರೆ. ಮನೆಮನೆಗೆ ಹೋಗಿ ಕೇಳಿದಾರೆ. ಪೇಪರಿನವರು ಸುಮ್ಮನೆ ಬರೀತಾರಾ?”

“ನಮ್ಮ ಬೀದಿಗೆ ಯಾರೂ ಬರಲೇ ಇಲ್ವಲ್ಲ.”

“ಯಾಕೆ ಬರಲಿಲ್ಲ? ಹೋದ ತಿಂಗಳು ನಮ್ಮನೆಗೇ ಬಂದಿದ್ರು. ಇಬ್ಬರು ಹುಡುಗಿಯರು. ಪಾಪ, ಆ ಬಿಸಿಲಲ್ಲಿ ಗೇಟಿನ ಹತ್ತಿರ ನಿಂತಿದ್ರು.”

“ಮತ್ತೆ ನನ್ನನ್ನ ಯಾಕೆ ಏನೂ ಕೇಳಲಿಲ್ಲ?”

ಗಂಡ ಪೇಪರನ್ನು ಕ್ರೀಡಾಪುಟಕ್ಕೆ ತಿರುಗಿಸಿದ.

“ನೀನು ಹೊಟ್ಟೆನೋವು ಅಂತ ಒಳಗೆ ಮಲಗಿದ್ದೆಯಲ್ಲ, ಎಬ್ಬಿಸೋದು ಬೇಡ ಅನ್ನಿಸ್ತು. ನೋವುಗೀವು ಏನೂ ಇಲ್ಲ ಅಂತ ನಾನೇ ಬರೆಸಿ ಕಳಿಸಿದೆ.”