ಸಾಕ್ಷಿಗೆ ಹಾಕಿದ ಹಾರ

ಕುಡಿದು ಓಡಿಸಿದ ಕೇಸಿನಲ್ಲಿ ಗಾಡಿಯೇ ಮೊದಲ ಸಾಕ್ಷಿ.

"ಮೊದಲ ಸಲ ಸಿಕ್ಕಿಬಿದ್ದಿದ್ದೀರಿ ತಿಪ್ಪೇಶಣ್ಣ, ತಪ್ಪು ಒಪ್ಪಿಕೊಂಡರೆ ದಂಡದಲ್ಲೇ ಮುಗಿಯಬಹುದು. ವಾದಕ್ಕೆ ನಿಂತು ಸೋತರೆ ಜೈಲೂ ಆಗಬಹುದು, ಲೈಸೆನ್ಸೂ ಹೋಗಬಹುದು," ಅಂದರು ನನ್ನ ವಕೀಲೆ ಶಾಹೀನ್ ಮೇಡಂ.

ನಾನು ನಕ್ಕುಬಿಟ್ಟೆ. ಹನ್ನೆರಡು ವರ್ಷ ನನ್ನ ಜೊತೆ ದುಡಿದ ಟೆಂಪೊ ನನ್ನ ವಿರುದ್ಧ ಬಾಯಿ ಬಿಡುತ್ತಾ? ನಾನು ಕುಡಿದೇ ಇರಲಿಲ್ಲ ಅಂತ ಹೇಳಿಕೆ ಕೊಟ್ಟೆ.

ಕೋರ್ಟಿನ ಅಂಗಳದಲ್ಲಿ ನಿಂತಿದ್ದ ಟೆಂಪೊವನ್ನು ಜಡ್ಜ್ ಸಾಹೇಬರು ಕಿಟಕಿಯಿಂದಲೇ ಕೇಳಿದರು, "ಅವತ್ತು ಇವರು ಕುಡಿದಿದ್ದರಾ?"

ಟೆಂಪೊ ಸಣ್ಣಗೆ ಹಾರ್ನ್ ಮಾಡಿ ಗಂಟಲು ಸರಿಮಾಡಿಕೊಂಡಿತು. "ಸ್ವಾಮಿ, ಅದನ್ನು ಹೇಳಬಾರದು ಅಂತ ಇವರು ಬೆಳಿಗ್ಗೆಯೇ ನನಗೆ ಪೂಜೆ ಮಾಡಿದ್ದಾರೆ. ಸೇವಂತಿಗೆ ಹಾರ, ಬೂದುಗುಂಬಳ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಆಯುಧ ಪೂಜೆಗೆ ಇನ್ನೂ ಐದು ತಿಂಗಳಿದೆ."

ಸಾಕ್ಷಿಗೆ ಆಮಿಷ ಒಡ್ಡಿದ್ದಕ್ಕೆ ಇನ್ನೊಂದು ಕೇಸು ಅಂತ ಸಾಹೇಬರು ಬರೆಸಿದರು. ಶಾಹೀನ್ ಮೇಡಂ ಹಣೆ ಹಿಡಿದುಕೊಂಡು ಕೂತರು.

"ಕುಡಿದಿದ್ದರಾ, ಇಲ್ಲವಾ?" ಸಾಹೇಬರು ಮತ್ತೆ ಕೇಳಿದರು.

"ಕುಡಿದಿದ್ದರು ಸ್ವಾಮಿ. ಅವತ್ತು ಶಾಲೆಯ ಗೇಟಿನ ಮುಂದೆ ಬ್ರೇಕ್ ಹಾಕಿದ್ದು ನಾನು. ಅಲ್ಲೊಂದು ಗೇಟಿತ್ತು ಅನ್ನೋದೇ ಇವರಿಗೆ ಇವತ್ತಿಗೂ ಗೊತ್ತಿಲ್ಲ."